ಮೂಗಿಗೆ ಸಿಗದ ತೋಳ

ಘ್ರಾಣಶೋಧಕ ತಪ್ಪುವುದಿಲ್ಲ, ಹಾಗಾದರೆ ತನ್ನ ಕಣ್ಣೇ ತಪ್ಪಿತೇ? ಮೂರು ವಾರಗಳಿಂದ ನೀಲಗಂಗಾ ಈ ಅಳುಕನ್ನು ದಿನಚರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಅಂದು ಗುಡ್ಡದ ಇಳಿಜಾರಿನಲ್ಲಿ ಬೂದು ಬಣ್ಣದ ತೋಳವೊಂದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಅವಳನ್ನೇ ನೋಡಿತ್ತು. ಅದೇ ಹೊತ್ತಿಗೆ ಕಂಬದ ಮೇಲಿನ ಯಂತ್ರ ಗಾಳಿಯನ್ನು ಎಳೆದುಕೊಂಡು ಅವಳ ಕೈಯ ಫಲಕದಲ್ಲಿ ಮೂಡಿಸಿತು: ಕುರಿ ಇದೆ, ನಾಯಿ ಇದೆ, ಮನುಷ್ಯ ಇದ್ದಾನೆ, ತೋಳ ಇಲ್ಲ. ಅವಳ ಸಹಿಯಿದ್ದರೆ ಮಾತ್ರ ಆ ವರದಿ ಊರ್ಜಿತ. ಅವಳು ಎಂದಿನಂತೆ ಸಹಿ ಹಾಕಿದಳು.

ಗಾಳಿಯಲ್ಲಿ ತೇಲುವ ಕೂದಲಿನ ಚೂರು, ಉಸಿರಿನ ತುಂತುರು, ಚರ್ಮದ ಹೊಟ್ಟು ಇವುಗಳಿಂದ ಪ್ರಾಣಿಯ ವಂಶಗುರುತನ್ನು ಓದುವ ಯಂತ್ರವದು. ಅದನ್ನು ನಂಬಿಯೇ ವನ್ಯಜೀವಿ ಕಾನೂನಿನ ಹೊಸ ತಿದ್ದುಪಡಿಯ ಕರಡು ಸಿದ್ಧವಾಗಿತ್ತು. ಅಳಿವಿನಂಚಿನ ಪ್ರಾಣಿಯೊಂದು ಹನ್ನೆರಡು ತಿಂಗಳು ಶೋಧಕಕ್ಕೆ ಸಿಗದಿದ್ದರೆ ಆ ನೆಲದ ರಕ್ಷಣೆ ತಾನಾಗಿ ರದ್ದಾಗಬೇಕು. ಕಣ್ಣಿನ ಸಾಕ್ಷಿಗೆ ಅದರಲ್ಲಿ ಜಾಗವಿರಲಿಲ್ಲ. ಪ್ರಯೋಗಕ್ಕೆ ಆರಿಸಿದ್ದು ಕೊಪ್ಪಳ ಸೀಮೆಯ ಈ ಗುಡ್ಡವನ್ನು. ಕಲ್ಲುಕ್ವಾರಿಯವರು ಆಗಲೇ ಅರ್ಜಿ ಹಾಕಿ ಕಾದಿದ್ದರು.

ಹನ್ನೆರಡನೆಯ ತಿಂಗಳು ಮುಗಿದ ದಿನ ಶಾಲೆಯ ಅಂಗಳದಲ್ಲಿ ಅಹವಾಲು ಸಭೆ ಸೇರಿತು. ಯಂತ್ರವನ್ನು ರೂಪಿಸಿದ ಡಾ. ಐತಾಳರು ಕುರಿಗಾರರಿಗೆ ಅದರ ಬಗೆಯನ್ನು ಬಿಡಿಸಿ ಹೇಳುತ್ತಿದ್ದರು.

"ಸಾಹೇಬ್ರ, ನಿಮ್ಮ ಮೂಗಿಗೆ ನೆಗಡಿ ಬರಂಗಿಲ್ಲೇನ್ರಿ?" ಎಂದ ಮುದುಕ ಯಮನೂರಪ್ಪ.

"ಬರೋದಿಲ್ಲ ಅಜ್ಜಾ," ಐತಾಳರೂ ನಕ್ಕರು. "ಒಂದು ಕೂದಲು ಸಾಕು, ಯಾವ ಹಿಂಡಿನ ಕುರಿ ಅಂತ ಹೇಳಿಬಿಡುತ್ತೆ."

"ಹಂಗಾರ ಹೋದ ವರ್ಷ ಕಳುವಾದ ನನ್ನ ಟಗರು ಹುಡುಕಿಕೊಡ್ರಿ ಮತ್ತ!"

ನಗೆಯ ನಡುವೆ ಮುದುಕ ಬಂದು ನೀಲಗಂಗಾಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು ದನಿ ತಗ್ಗಿಸಿದ.

"ನಿಮ್ಮ ಮೂಗಿಗೆ ಮೋಸ ಮಾಡೀವಿ ತಂಗಿ. ಕಂಬ ನಟ್ಟಾಗಿಂದ ದಿನಾ ಅದರ ಸುತ್ತ ಹಿಂಡು ಹಾಯಿಸ್ತೀವಿ, ಅದರ ಬಾಯಿಗೆ ಕುರಿ ಉಣ್ಣೆ ಉಜ್ಜತೀವಿ. ತ್ವಾಳನ ಗವಿ ಮುಂದೂ ಹಂಗ. ತ್ವಾಳ ಹಿಡಿಯಾಕ ಬಲೀ ಹಾಕವ್ರು ಬಂದಾಗ ನಮ್ಮಜ್ಜ ಹೆಜ್ಜಿ ಅಳಿಸಿದ್ದೂ ಹಿಂಗ. ವರ್ಷಕ್ಕ ಎರಡು ಮರಿ ಒಯ್ತೈತಿ ತ್ವಾಳಪ್ಪ, ಒಯ್ಲಿ, ಅದು ಅವನ ಪಾಲು. ಈಗ ಮರಿ ಹಾಕೈತಿ. ಹಿಡಕೊಂಡು ಹೋಗಾಕಲ್ಲೇನು ಈ ಕಂಬ?"

ತನ್ನ ಕಣ್ಣು ತಪ್ಪಿರಲಿಲ್ಲ ಎಂದು ನೀಲಗಂಗಾಳಿಗೆ ಹೊಳೆಯಿತು. ಯಂತ್ರದ ಜರಡಿ ತುಂಬ ಕುರಿಯ ಉಣ್ಣೆ ತುಂಬಿಕೊಂಡರೆ ಅದಕ್ಕೆ ಬೇರೇನು ಸಿಕ್ಕೀತು!

"ಹಿಡಿಯಾಕಲ್ಲ ಅಜ್ಜಾ," ಪಿಸುಗುಟ್ಟಿದಳು. "ಅದು ಐತಿ ಅಂದ್ರ ಗುಡ್ಡ ಉಳೀತೈತಿ. ಇಲ್ಲ ಅಂದ್ರ ನಾಳೆ ಮದ್ದಿಟ್ಟು ಸಿಡಿಸ್ತಾರ."

"ಬಚ್ಚಿಟ್ಟು ನಾವ ಕೊಂದಂಗಾತಲ್ಲವ್ವಾ," ಎಂದವನೇ ಮುದುಕ ಎದ್ದು ನಿಂತ. "ಸಾಹೇಬ್ರ, ತ್ವಾಳ ಅದಾವ್ರಿ!"

"ನಿನ್ನೆ ನಿಮ್ಮನಿಗೆ ಊಟಕ್ಕ ಬಂದಿತ್ತೇನೋ ಯಮನೂರಾ?" ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

"ಕೂತುಕೊಳ್ಳಿ ಹಿರಿಯರೇ," ಎಂದರು ಸಭೆಯ ಅಧ್ಯಕ್ಷರು, ಗದರಿಸದೆಯೇ. "ಬಾಯಿಮಾತನ್ನು ದಾಖಲಿಸುವ ಹಾಗಿಲ್ಲ. ಸಹಿಯಾದ ವರದಿ ಇದೆ. ತೋಳ: ಸೊನ್ನೆ. ಬೇರೆ ಆಕ್ಷೇಪಣೆ?"

ಮುದುಕ ಕೂರಲಿಲ್ಲ. ಐತಾಳರು ಕಾಗದಗಳನ್ನು ಜೋಡಿಸತೊಡಗಿದರು. ಒಂಬತ್ತು ವರ್ಷ ಯಂತ್ರದ ಮುಂದೆ ಸವೆದ ಮನುಷ್ಯ. ಬೇರೆಲ್ಲೂ ಕೆಲಸ ಸಿಗದ ನೀಲಗಂಗಾಳಿಗೆ ಕರೆದು ಕೆಲಸ ಕೊಟ್ಟವರು. ಅವರ ಮುಖ ನೋಡಿದರೆ ತನ್ನಿಂದ ಆಗದು ಎಂದು ಅವಳು ನೆಲ ನೋಡುತ್ತಲೇ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಎಲ್ಲರೂ ತಿರುಗಿದರು.

"ಸರ್, ಆ ಸಹಿ ನಂದು. ತೋಳ ನನ್ನ ಎದುರಿಗೇ ನಿಂತಿತ್ತು. ಆದ್ರೂ ಇಲ್ಲ ಅಂತ ಸಹಿ ಹಾಕಿದೆ."