ಬಾಯಿಗೆ ಸಿಕ್ಕಿದ್ದು

"ದಾಳ ಉರುಳಿಸಪ್ಪ. ಕೈ ಎಲ್ಲಿಡ್ತೀಯ ಅಂತ ಮಾತ್ರ ಬಾಯಿಬಿಟ್ಟು ಹೇಳ್ಬೇಡ," ಎಂದರು ಮೇಷ್ಟ್ರು, ದನಿ ತಗ್ಗಿಸಿ. "ದಾಳಕ್ಕೆ ಸಿಕ್ಕಿದ್ದು ದಾಳದ್ದು. ಬಾಯಿಗೆ ಸಿಕ್ಕಿದ್ದು ನಿನ್ನದು."

ಬೀಗದವನು ಕುರ್ಚಿ ಎಳೆದು ಕೂತು ಗಟ್ಟಿಯಾಗಿ ನಕ್ಕ.

"ಬೀಗ ತೆಗೆಯೋನಿಗೆ ದಾಳ ಕೊಡ್ತೀರಲ್ಲ ಮೇಷ್ಟ್ರೇ! ಮೀನಿಗೆ ಛತ್ರಿ ಹಿಡಿದಂಗಾಯ್ತು."

"ತಮಾಷೆ ಅಲ್ಲ. ಹೋದ ವಾರ ಆಟದಲ್ಲಿ ನಾನು ಬಾಗಿಲ ಸಂದೀಲಿ ಈ ಬೆರಳು ತೂರಿಸ್ತೀನಿ ಅಂದೆ, ಅಷ್ಟೇ. ಮೂರು ದಿನ ಇದಕ್ಕೆ ಬಿಸಿ ಯಾವುದು ತಣ್ಣಗೆ ಯಾವುದು ಗೊತ್ತಾಗ್ಲಿಲ್ಲ."

"ನರ ಹಿಡ್ಕೊಂಡಿರತ್ತೆ, ವಯಸ್ಸಾಯ್ತಲ್ಲ. ಅಷ್ಟು ಹೆದರಿಕೆ ಇದ್ರೆ ಮತ್ತೆ ಯಾಕೆ ಬಂದ್ರಿ?"

ಮೇಷ್ಟ್ರು ಪೆನ್ಸಿಲ್ಲಿನಿಂದ ಮೇಜಿನ ಮೇಲಿನ ಚೌಕುಳಿ ಹಾಳೆಯನ್ನು ತೋರಿಸಿದರು. ಮೂವತ್ತು ವರ್ಷ ರೇಖಾಗಣಿತ ಕಲಿಸಿದ ಮನುಷ್ಯ. "ನಕ್ಷೆ ಅರ್ಧಕ್ಕೆ ನಿಂತಿದೆಯಲ್ಲಪ್ಪ," ಎಂದರು ನಾಚಿಕೆಯಿಂದ.

ರಜೆಯ ಮಧ್ಯಾಹ್ನ. ಪುಸ್ತಕ ಕಟ್ಟುವ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ಅದರಡಿಯಿಂದ ನುಸುಳಿದ ಬಿಸಿಲು ನೆಲದ ಮೇಲೆ ಒಂದು ಮೊಳದಷ್ಟು ಹಾಸಿಕೊಂಡಿತ್ತು. ಉಳಿದದ್ದೆಲ್ಲ ಕಂದು ನೆರಳು, ಮೈದಾ ಅಂಟಿನ ಹುಳಿವಾಸನೆ, ಹಳೆಯ ಕಾಗದದ ಧೂಳು. ಅಂಗಡಿ ಬೀಗದವನ ಅಕ್ಕನದು. ಆಟ ನಡೆಸುವವಳೂ ಅವಳೇ.

ಆಟವೇನೋ ಸರಳ. ಅಕ್ಕ ಒಂದು ಪಾಳುಕೋಟೆಯನ್ನು ಮಾತಿನಲ್ಲೇ ಕಟ್ಟುತ್ತಾಳೆ, ಕೂತವರು ಅದರೊಳಗೆ ಮಾತಿನಲ್ಲೇ ನಡೆಯುತ್ತಾರೆ. ಏನನ್ನಾದರೂ ಹುಡುಕಬೇಕೆಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು; ಹೆಚ್ಚು ಬಿದ್ದರೆ ಸಿಕ್ಕಿತು, ಕಡಿಮೆ ಬಿದ್ದರೆ ಇಲ್ಲ. ದಾಳ ಬೇಡವೆನ್ನುವವನು ಇಂಥ ಕಡೆ ಇಂಥ ಬೆರಳಿಡುತ್ತೇನೆ ಎಂದು ಬಿಡಿಸಿ ಹೇಳಬೇಕು.

ಬೀಗದವನಿಗೆ ಆಟಕ್ಕಿಂತ ಕರೆ ಬಂದದ್ದೇ ಹೆಚ್ಚಾಗಿತ್ತು. ಮಾತಿಗೆ ಮಾತು ಬೆಳೆದು ಅಕ್ಕ-ತಮ್ಮ ಒಬ್ಬರ ಮುಖ ಒಬ್ಬರು ನೋಡದೆ ನಾಲ್ಕು ವರ್ಷವಾಗಿತ್ತು. ಮೊನ್ನೆ ಅವಳೇ ಫೋನು ಮಾಡಿ, "ಬಾರೋ, ನಿನ್ನ ಕೈಗೆ ತಕ್ಕ ಆಟ ಇದೆ," ಎಂದಿದ್ದಳು. ಅವನ ಕೈ ಅಂಥದ್ದೇ. ಕೀಲಿಕೈ ಕಳೆದವರು, ತಿಜೋರಿ ಕಚ್ಚಿಕೊಂಡವರು, ಎಲ್ಲರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೀಗದ ಹೊಟ್ಟೆಯೊಳಗಿನ ಮಿಸುಕಾಟವನ್ನು ಬೆರಳ ತುದಿಯಿಂದ ಕೇಳಬಲ್ಲವನು. ಆ ಹತ್ತು ಬೆರಳೇ ಅವನ ಅನ್ನ.

ಅಕ್ಕ ಬಂದು ಕೂತಳು. ಕೈಗೆ ಬಿಳಿ ಹತ್ತಿಯ ಗ್ಲೌಸು.

"ಇದೇನೇ ಅಕ್ಕ, ಆಪರೇಷನ್ ಮಾಡ್ತೀಯಾ?"

"ಅಂಟು ಒಗ್ತಿಲ್ಲ ಕಣೋ," ಎಂದಳು. ಕಣ್ಣು ಮುಚ್ಚಿದಳು. ಎದುರಿಗೆ ಪುಸ್ತಕವಿಲ್ಲ, ಹಾಳೆಯಿಲ್ಲ. ಪದಪದವನ್ನೂ ತೂಗಿ, ರಾಗದ ಅಂಚಿನಲ್ಲಿ ನಿಲ್ಲಿಸಿ ಹೇಳತೊಡಗಿದಳು. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದಾಗ ಹಣೆಯ ಪಕ್ಕ ಕೂತು ರಾತ್ರಿಯನ್ನು ಕಳೆಯುತ್ತಿದ್ದ ದನಿ ಅದು. ಆ ದನಿ ಇರುವಷ್ಟು ಹೊತ್ತು ಕೇಡು ಹೊಸ್ತಿಲು ದಾಟದೆಂದು ನಂಬಿ ಬೆಳೆದವನು ಅವನು. ಮೈ ಸಡಿಲಿಸಿ ಕೂತ.

"ಕಲ್ಲಿನ ಕೋಣೆ. ಗಾಳಿಯಿಲ್ಲ, ಕಿಟಕಿಯಿಲ್ಲ. ಕೂದಲು ಸುಟ್ಟ ವಾಸನೆ. ಎದುರಿಗೊಂದು ಕಪಾಟು, ಕಪಾಟಿಗೆ ಏಳು ಡ್ರಾಯರು. ಏನ್ಮಾಡ್ತೀರಿ?"

ಮೇಷ್ಟ್ರು ದಾಳ ಉರುಳಿಸಿದರು. ಮೂರು.

"ಏನೂ ಸಿಗಲಿಲ್ಲ. ನೀನು?"

"ಕೋಣೆಯೆಲ್ಲಾ ಹುಡುಕ್ತೀನಿ."

"ಎಲ್ಲಾ ಅಂದ್ರೆ? ಸಾವಿರ ಕೈ ಇದೆಯೇನೋ ನಿಂಗೆ? ಎಲ್ಲಿ ಅಂತ ಹೇಳು."

ಮೇಷ್ಟ್ರು ದಾಳವನ್ನು ಅವನತ್ತ ತಳ್ಳಿದರು. ಅವನು ಅದನ್ನು ಮುಟ್ಟಲಿಲ್ಲ.

"ಡ್ರಾಯರು ಒಂದೊಂದಾಗಿ ಎಳೀತೀನಿ. ಒಳಗಡೆ ಗೇಣು ಹಾಕಿ ಅಳೀತೀನಿ."

"ಆರು ಡ್ರಾಯರು ಎರಡೆರಡು ಗೇಣು," ಎಂದಳು ಅಕ್ಕ, ತುಸು ತಡೆದು. "ಏಳನೇದು ಒಂದೂವರೆ."

ಅವನು ಮುಂದಕ್ಕೆ ಬಾಗಿದ. ಕಳ್ಳಗೂಡು! ಇಂಥವನ್ನು ಅದೆಷ್ಟು ಹಳೆಯ ಕಪಾಟುಗಳಲ್ಲಿ ಬಿಡಿಸಿದ್ದನೋ. ತನಗೆಂದೇ ಕಟ್ಟಿದಂತಿದೆಯಲ್ಲ ಈ ಕೋಣೆ ಎನಿಸಿ ಅಕ್ಕನ ಮೇಲೆ ಪ್ರೀತಿ ಉಕ್ಕಿತು.

"ಬೇಡಪ್ಪ," ಎಂದರು ಮೇಷ್ಟ್ರು. ಪೆನ್ಸಿಲ್ಲು ನಿಂತಿತ್ತು.

"ಸುಮ್ನಿರಿ ಮೇಷ್ಟ್ರೇ, ಈಗ ರುಚಿ ಹತ್ತಿದೆ. ಅಕ್ಕ, ಬಲಗೈ ತೋರುಬೆರಳು. ಹಿಂದಿನ ಹಲಗೆ ಅಂಚಲ್ಲೇ ಜಾರಿಸ್ತೀನಿ. ಎಡಮೂಲೇಲಿ ಒತ್ತುತೀನಿ."

ಟಕ್.

ಸದ್ದು ಅಕ್ಕನ ಬಾಯಿಂದ ಬಂದದ್ದಲ್ಲ. ಮೇಜಿನಡಿಯಿಂದ ಬಂತು.

ಕೂದಲು ಸುಟ್ಟ ವಾಸನೆ ಈಗ ಅಂಗಡಿಯಲ್ಲೇ ಇತ್ತು. ನೆಲದ ಮೇಲಿನ ಬಿಸಿಲು ಒಂದು ಗೇಣಾಯಿತು. ಒಂದು ಬೆರಳಾಯಿತು. ಆರಿತು.

"ಒಳಗೇನಿದೆ?" ಎಂದ. ನಗಲು ನೋಡಿದ.

"ನೀನೇ ಹೇಳ್ಬೇಕು. ಬೆರಳು ನಿಂದು."

ತೊಡೆಯ ಮೇಲಿದ್ದ ಅವನ ಬಲಗೈಗೆ ಏನೋ ತಗುಲಿತು. ಜಿಗುಟು. ತಣ್ಣಗೆ. ಬೇಡವೆಂದರೂ ಬಾಯಿ ತಾನಾಗಿ ಆಡಿತು. "ಕರಿದಾರ. ಗಂಟು. ಒಳಗೆ ಮೇಣ... ಪುಟ್ಟ ಕೈ. ಮೇಣದ ಕೈ. ಅದಕ್ಕೆ ಉಗುರಿದೆ ಅಕ್ಕ. ನಿಜವಾದ ಉಗುರು."

"ಯಾರದ್ದು ಅದು?"

ಮೊದಲ ಸಲ ಅವಳ ದನಿ ನಡುಗಿತು. ತನಗಾಗಿ ಹೆದರಿದಳೆಂದು ತಿಳಿದು, ಅವಳಿಗೆ ಧೈರ್ಯವಾಗಲೆಂದೇ ಅವನು ಎದೆಯುಬ್ಬಿಸಿ ಹೇಳಿದ.

"ಸಿಕ್ಕಿದ್ದು ನಂಗಲ್ವಾ? ನಂದೇ."

ಕಿರುಬೆರಳು ಹೋಯಿತು. ಉಂಗುರದ ಬೆರಳು. ನಡುಬೆರಳು. ನೋವಿಲ್ಲ. ಉರಿಯಿಲ್ಲ. ಏನೂ ಇಲ್ಲ. ದೀಪ ಒಂದೊಂದಾಗಿ ಆರಿಸಿದಂತೆ. ಎಡಗೈಯಿಂದ ಬಲಗೈ ಹಿಡಿದ. ಹಿಡಿದದ್ದು ಕಂಡಿತು, ಎರಡು ಕೈಗೂ ತಿಳಿಯಲಿಲ್ಲ. ದಾಳಕ್ಕೆ ಕೈ ಚಾಚಿದ. ಅದು ಜಾರಿತು, ಉರುಳಿತು. ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ.

ಅಕ್ಕ ಗ್ಲೌಸು ಕಿತ್ತೆಸೆದಳು. ಬೂದಿಬಣ್ಣದ ಬೆರಳುಗಳು. ನೋಡುತ್ತಿದ್ದಂತೆ ಬುಡದಿಂದ ತುದಿಗೆ ಕೆಂಪು ಹರಿಯಿತು. ಅವಳು ಮೇಜನ್ನು ಸವರಿದಳು. ಹಾಳೆಯ ಅಂಚನ್ನು ಬೆರಳಿಗೆ ಎಳೆದುಕೊಂಡಳು. ರಕ್ತ ಜಿನುಗಿತು.

"ಉರಿಯತ್ತೆ!" ಎಂದು ಅತ್ತಳು, ನಕ್ಕಳು. "ಮೇಷ್ಟ್ರೇ, ಉರಿಯತ್ತೆ!"

"ಏನಮ್ಮಾ ಮಾಡಿದೆ?" ಮೇಷ್ಟ್ರು ಗೋಡೆಗೆ ಒರಗಿದ್ದರು.

"ಯಾರೋ ಹಳೇ ಪುಸ್ತಕ ಕಟ್ಟೋಕೆ ಕೊಟ್ರು. ಬೆನ್ನು ಬಿಚ್ಚಿ ಒಳಗೆ ಹುಡುಕಿದೆ. ಈ ಮೇಣದ ಕೈ ಸಿಕ್ತು. ನಂದು ಅಂದೆ. ಅವತ್ತಿಂದ ಕೈಯಿಲ್ಲ ನಂಗೆ. ಮಾತಿನ ಮೇಲೆ ಬಂದಿದ್ದು ಮಾತಿನ ಮೇಲೇ ಹೋಗ್ಬೇಕು ಅಂದ್ರು ಮಂತ್ರ ಬಲ್ಲೋರು."

"ಒಡಹುಟ್ಟಿದವನಮ್ಮಾ ಅವನು!"

"ಅದಕ್ಕೇ ಮೇಷ್ಟ್ರೇ. ಹೊರಗಿನೋರಿಗೆ ದಾಟಿಸಿದ್ರೆ ಮೂರು ದಿನಕ್ಕೆ ವಾಪಸ್ಸು. ನಿಮ್ಮ ಬೆರಳಲ್ಲಿ ನೋಡಿದ್ನಲ್ಲ. ರಕ್ತಕ್ಕೇ ಅಂಟೋದು ಅದು."

ಮೇಷ್ಟ್ರು ತಮ್ಮ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಷಟರಿನಡಿ ಬಗ್ಗಿ ಹೊರಟರು. ನಕ್ಷೆ ಮೇಜಿನ ಮೇಲೇ ಉಳಿಯಿತು.

"ನಾಲ್ಕು ವರ್ಷದ ಮೇಲೆ ನಿಂಗೆ ನೆನಪಾದ್ನಲ್ಲ ಅಂತ ಓಡಿ ಬಂದೆ ಕಣೇ," ಎಂದ ಬೀಗದವನು.

"ನೆನಪಾದೆ ಕಣೋ. ನಂಗಿರೋದು ನೀನೊಬ್ನೇ ಅಲ್ವಾ."

ಅವಳು ಅವನ ಕೆನ್ನೆ ಮುಟ್ಟಿದಳು. "ಎಷ್ಟು ಬೆಚ್ಚಗಿದೀಯೋ!" ಎಂದಳು. ಅದರಲ್ಲಿ ಒಂದಿನಿತೂ ಸುಳ್ಳಿರಲಿಲ್ಲ. ಅವನು ಆ ಕೈಯನ್ನು ಹಿಡಿದು ತೆಗೆಯಹೋದ. ಬೆರಳು ಮುಚ್ಚಿತೋ ಇಲ್ಲವೋ ತಿಳಿಯಲಿಲ್ಲ.

ಎರಡೂ ಕೈ ಎತ್ತಿ ಮೇಜಿಗೆ ಬಡಿದ. ಮರಕ್ಕೆ ಮರ ಬಡಿದ ಸದ್ದು. ಮತ್ತೊಮ್ಮೆ. ಮತ್ತೊಮ್ಮೆ. ಆಮೇಲೆ ಕೈ ಕೆಳಗಿಳಿಸಿದ. ಕಣ್ಣು ಮುಚ್ಚಿದ. ಜ್ವರದ ರಾತ್ರಿಗಳಲ್ಲಿ ಕೇಳಿ ಕೇಳಿ ಕಲಿತ ದನಿಯನ್ನು, ಪದಪದವನ್ನೂ ತೂಗಿ, ಗಂಟಲಿನಿಂದ ಹೊರಗೆ ತಂದ.

"ಅಮ್ಮನ ಅಡುಗೆಮನೆ. ಒಲೆ ಆರಿದೆ. ಮೇಲಿನ ಹಲಗೆ ಮೇಲೆ ಸಾಲಾಗಿ ಡಬ್ಬ. ಕೊನೇ ಡಬ್ಬದ ಹಿಂದೆ ಅಮ್ಮ ನಿನಗೆ ಅಂತಾನೇ ಏನೋ ಬಚ್ಚಿಟ್ಟಿದಾಳೆ. ನೀನು ತುದಿಗಾಲಲ್ಲಿ ನಿಂತಿದೀಯ ಅಕ್ಕ. ಕೈ ಎಲ್ಲಿಡ್ತೀಯ?"

ಅಕ್ಕನ ತುಟಿ ತೆರೆಯಿತು. ತೆರೆದದ್ದನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ತಮ್ಮ ಮತ್ತೆ ಮೊದಲಿನಿಂದ ಹೇಳತೊಡಗಿದಾಗ, ಈಗಷ್ಟೇ ಜೀವ ಬಂದ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು.