ಪಾಲು ಬೇಡ ಅಂದವನು

"ಕೈ ತೆಗೀರಿ!"

"ನೀವೇ ತೆಗೀರಿ. ಮೊದಲು ಹಿಡಿದಿದ್ದು ನಾನು!"

ಸಗಟು ಅಂಗಡಿಯ ಮೂಲೆಯಲ್ಲಿ ಉಳಿದಿದ್ದದ್ದು ಒಂದೇ ಒಂದು ಅಕ್ಕಿ ಮೂಟೆ. ಅದರ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಇಬ್ಬರೂ ಬಿಡುವ ಜಾತಿಯವರಲ್ಲ. ಅಷ್ಟು ಸಾಲದು ಅಂತ, ದಪ್ಪ ಫ್ರೇಮಿನ ಕನ್ನಡಕದ ಹಿಂದಿನಿಂದ ಅವನು ನಗುತ್ತಿದ್ದ!

'ಜಗಳದ ಮಧ್ಯೆ ನಗ್ತಾನಲ್ಲ, ಎಂಥಾ ಮನುಷ್ಯ ಇವನು!' ಅವಳಿಗೆ ಮೈಯೆಲ್ಲಾ ಉರಿದುಹೋಯಿತು.

"ನಿಮ್ಮನೇಲಿ ಎಷ್ಟು ಜನ?" ಅವನು ಕೇಳಿದ.

"ಅದನ್ನ ಕಟ್ಕೊಂಡು ನಿಮಗೇನಾಗ್ಬೇಕು?"

"ಅಯ್ಯೋ, ಸುಮ್ನೆ ಕೇಳ್ದೆ. ನಮ್ಮನೇಲಿ ನಾನು, ನಮ್ಮಮ್ಮ ಇಬ್ರೇ. ಇಡೀ ಮೂಟೆ ತಗೊಂಡ್ರೆ ಹುಳ ಬೀಳುತ್ತೆ. ಚಿಕ್ಕ ಪ್ಯಾಕೆಟ್ ತಗೊಂಡ್ರೆ ಕೆಜಿಗೆ ಎಷ್ಟು ಜಾಸ್ತಿ ಬೀಳುತ್ತೆ, ಗೊತ್ತಾ?"

ಗೊತ್ತಾ ಅಂತೆ! ಯಾರ ಮುಂದೆ ನಿಂತು ಈ ಪ್ರಶ್ನೆ ಕೇಳುತ್ತಿದ್ದೇನೆ ಅನ್ನುವುದು ಪಾಪ ಅವನಿಗೆ ಗೊತ್ತಿರಲಿಲ್ಲ.

ಅವಳು ಮನೆಯವರ ಬಾಯಲ್ಲಿ 'ಹಣಕಾಸು ಮಂತ್ರಿ'. ಹೊರಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅಮ್ಮ ಹೋದ ಮೇಲೆ ಮನೆಯ ಚುಕ್ಕಾಣಿ ಅವಳ ಕೈಗೆ ಬಂದಿತ್ತು. ಅಪ್ಪ ನಿವೃತ್ತರು. ತಂಗಿ ನರ್ಸಿಂಗ್ ಓದುತ್ತಿದ್ದಳು. ಈ ವರ್ಷ ತಂಗಿಯ ಫೀಸು ಏರಿತ್ತು, ಅಕ್ಕನ ಸಂಬಳ ಮಾತ್ರ ಇದ್ದಲ್ಲೇ ಇತ್ತು. ಬಾಡಿಗೆ ಇಳಿಸಲು ಮನೆ ಮಾಲೀಕರು ಅವಳ ಮಾವ ಅಲ್ಲವಲ್ಲ! ಕರೆಂಟು ಬಿಲ್ಲಿಗೆ ದಯೆ ದಾಕ್ಷಿಣ್ಯ ಇಲ್ಲ. ಇಳಿಸಬಹುದಾದದ್ದು ದಿನಸಿ ಖರ್ಚು ಒಂದೇ.

ಹಾಗಾಗಿ ಮನೆಯಲ್ಲಿ ಮೂರು ತರಹದ ಸೋಪು ಹೋಗಿ ಒಂದೇ ಸೋಪಾಯಿತು. ಡಬ್ಬಗಳನ್ನೆಲ್ಲ ತೆರೆದು ನೋಡದೆ ಅಂಗಡಿಗೆ ಹೋಗುವಂತಿಲ್ಲ. ಹಸಿದುಕೊಂಡಂತೂ ಹೋಗುವಂತೆಯೇ ಇಲ್ಲ. ಜೊತೆಗೆ ಅಪ್ಪನನ್ನು ಕರೆದುಕೊಂಡು ಹೋಗುವುದು ಪೂರ್ತಿ ಬಂದ್. ಯಾಕೆಂದರೆ ಆ ಮಹಾನುಭಾವರು ಟ್ರಾಲಿಯಲ್ಲಿ ಕ್ರೀಮ್ ಬಿಸ್ಕೆಟ್ಟುಗಳನ್ನು ತಂದು, ಬೇಳೆ ಪ್ಯಾಕೆಟ್ಟಿನ ಕೆಳಗೆ ಅಡಗಿಸಿಡುತ್ತಿದ್ದರು!

ಹಾಗೆ ನೋಡಿದರೆ ಅವಳಿಗೆ ಮದುವೆಯ ಮಾತು ಬಂದಿರಲಿಲ್ಲ ಅಂತಲ್ಲ. ಎರಡು ಸಂಬಂಧ ಬಂದಿದ್ದವು. ಎರಡೂ ಮನೆಯವರದ್ದು ಒಂದೇ ಮಾತು. "ಮದುವೆ ಆದ್ಮೇಲೆ ತವರುಮನೆ ಜವಾಬ್ದಾರಿ ಅಂತ ಇಟ್ಕೋಬಾರ್ದಮ್ಮ."

ಅವಳು ಎರಡಕ್ಕೂ ಬೇಡ ಅಂದಿದ್ದಳು. 'ನಾನು ಎದ್ದು ಹೋದ್ರೆ ಈ ಮನೆ ಗತಿ ಏನು?' ಈ ಪ್ರಶ್ನೆಗೆ ಉತ್ತರ ಸಿಗದೆ, ಪ್ರೀತಿ ಗೀತಿ ಎಲ್ಲ ತನಗಲ್ಲ ಅಂತ ಮನಸ್ಸಿಗೆ ಬೀಗ ಹಾಕಿಕೊಂಡಿದ್ದಳು.

"ಒಂದ್ ಮಾತು ಹೇಳ್ಲಾ?" ಕನ್ನಡಕದವನು ಮೂಟೆಯ ಮೇಲಿನ ಹಿಡಿತ ಬಿಡದೆ ಹೇಳಿದ. "ಅರ್ಧ ನಿಮಗೆ, ಅರ್ಧ ನಂಗೆ. ದುಡ್ಡೂ ಅರ್ಧರ್ಧ. ಇಬ್ರಿಗೂ ಮೂಟೆ ರೇಟು!"

ಅವಳು ಬೇಡ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಮನಸ್ಸು ಲೆಕ್ಕ ಹಾಕಿ ಮುಗಿಸಿತ್ತು.

"...ಸರಿ. ಆದ್ರೆ ತೂಕ ನಾನೇ ಮಾಡೋದು!"

* * *

ಅಲ್ಲಿಂದ ಶುರುವಾಯಿತು ನೋಡಿ.

ಪ್ರತಿ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಅಂಗಡಿಗೆ ಬರುತ್ತಿದ್ದರು. ಅಕ್ಕಿ ಆಯಿತು, ಬೇಳೆ ಆಯಿತು, ಸಕ್ಕರೆ ಆಯಿತು, ಕೊನೆಗೆ ಎಣ್ಣೆ ಕ್ಯಾನೂ ಪಾಲಿಗೆ ಬಂತು. ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಅವಳು ತಕ್ಕಡಿ ಹಿಡಿಯುವುದು, ಅವನು ಸುರಿಯುವುದು.

ಅವನಿಗೆ ಕನ್ನಡಕದ ಅಂಗಡಿ ಇತ್ತು. ಒಂದು ಸಲ ಜೊತೆಗೆ ಬಂದಿದ್ದ ಅವಳ ತಂಗಿ ಅವನಿಗೆ 'ಕನ್ನಡಕ' ಅಂತಲೇ ಹೆಸರಿಟ್ಟಳು.

"ನಿಮಗೊಂದು ಗುಟ್ಟು ಹೇಳ್ತೀನಿ," ಒಂದು ದಿನ ಅವನು ಶೆಲ್ಫಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಂಗಡಿಯವರು ದುಬಾರಿ ಸಾಮಾನೆಲ್ಲ ಕಣ್ಣಿನ ಮಟ್ಟಕ್ಕೇ ಇಡ್ತಾರೆ. ಬಗ್ಗಿ ನೋಡಿ... ಅದೇ ಬೇಳೆ, ಕೆಳಗಡೆ ಅಗ್ಗ!"

"ಕಣ್ಣಿನ ವಿಷಯ ನಿಮಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

"ಹಾಗಂತ ಎಲ್ಲಾ ಗೊತ್ತಾಗಲ್ಲ ಕಣ್ರೀ. ಕೆಲವರ ಕಣ್ಣಲ್ಲಿ ಏನಿದೆ ಅಂತ ಯಾವ ಮೆಶಿನ್ನೂ ಹೇಳಲ್ಲ."

ಅವಳು ಥಟ್ಟನೆ ಬೇಳೆಯ ಬೆಲೆ ಓದತೊಡಗಿದಳು. ಪ್ಯಾಕೆಟ್ಟು ತಲೆಕೆಳಗಾಗಿತ್ತು ಅನ್ನುವುದು ಬೇರೆ ಮಾತು!

ಇನ್ನೊಂದು ಸಲ ಅವನು ಅವಳ ಚೀಲಕ್ಕೆ ಎರಡು ಅಳತೆ ಅಕ್ಕಿ ಹೆಚ್ಚಿಗೆ ಸುರಿದ.

"ಏನಿದು?"

"ನಿಮ್ಮನೇಲಿ ಮೂರು ಜನ ಅಲ್ವಾ..."

"ಧರ್ಮಕ್ಕೆ ಕೊಡ್ತಿದೀರಾ? ತೆಗೀರಿ!" ಅವಳೇ ಬೊಗಸೆ ಬೊಗಸೆ ತೆಗೆದು ವಾಪಸ್ಸು ಸುರಿದಳು. ಅವನು ತನ್ನ ಚೀಲದ ಬಾಯಿ ಅಗಲಿಸಿ ಹಿಡಿದ. ಅದೇ ಅವಳಿಗೆ ಇಷ್ಟವಾಯಿತು. ದುಡ್ಡು ಉಳಿಸುವವರನ್ನು ಜನ ಜಿಪುಣರು ಅಂತ ಆಡಿಕೊಳ್ಳುತ್ತಾರೆ. ಇವನು ಮಾತ್ರ ಅವಳ ಪಕ್ಕ ನಿಂತು, ಅವಳಷ್ಟೇ ಶ್ರದ್ಧೆಯಿಂದ ಬೆಲೆ ನೋಡುತ್ತಿದ್ದ.

ಬರಬರುತ್ತಾ ಅವಳು ಮೊದಲ ಭಾನುವಾರಕ್ಕೆ ಕಾಯತೊಡಗಿದಳು. ತನಗೆ ತಾನೇ ಹೇಳಿಕೊಂಡ ಕಾರಣ ಅಕ್ಕಿ. ಅಕ್ಕಿ ತರಲು ಹೋಗುವವರು ಎರಡೆರಡು ಸಲ ತಲೆ ಬಾಚುತ್ತಾರಾ, ಹೇಳಿ?

* * *

ಅಂಥದ್ದೇ ಒಂದು ಭಾನುವಾರ ಅವನ ಗಮನ ಯಾಕೋ ಅಕ್ಕಿಯ ಮೇಲಿರಲಿಲ್ಲ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಮತ್ತೆ ತೆಗೆದ. ಅಕ್ಕಿ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು.

"ಇವತ್ತೇನಾಗಿದೆ ನಿಮಗೆ?"

ಅವನ ಕಿವಿ ಕೆಂಪಾಯಿತು. ಮೂಟೆಯನ್ನೇ ನೋಡುತ್ತಾ ಹೇಳಿದ.

"ಮುಂದಿನ ತಿಂಗಳಿಂದ... ಈ ಪಾಲು ಮಾಡೋದು ಬೇಡ ಅಂತಿದೀನಿ. ಇಡೀ ಮೂಟೆ ಒಂದೇ ಮನೆಗೆ ಹೋಗ್ಲಿ. ಏನಂತೀರಾ?"

ಅವಳ ಎದೆ ಧಸಕ್ಕೆಂದಿತು.

'ಪಾಲು ಬೇಡ... ಅಂದ್ರೆ, ನಾನು ಬೇಡ. ಇವನ ಮನೆಗೇ ಇಡೀ ಮೂಟೆ ಬೇಕಂತೆ. ಮನೆಗೆ ಯಾರೋ ಬರ್ತಿದಾರೆ...'

ಆದರೂ ಅವಳು ಅಭಿಮಾನದ ಗಟ್ಟಿ ಹೆಣ್ಣು. ಮುಖ ನೆಟ್ಟಗೆ ಇಟ್ಟುಕೊಂಡು ಹೇಳಿಬಿಟ್ಟಳು.

"ನಿಮ್ಮಿಷ್ಟ. ನಂಗೇನು... ಬೇರೆ ಯಾರಾದ್ರೂ ಸಿಕ್ತಾರೆ!"

ಅವನ ಮುಖ ಸುಣ್ಣದಂತಾಯಿತು. ಅವಳು ಅದನ್ನು ನೋಡಲು ನಿಂತಿದ್ದರೆ ತಾನೇ? ಚೀಲ ಎತ್ತಿಕೊಂಡು, ತಿರುಗಿಯೂ ನೋಡದೆ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟಳು.

ಅದೇ ವಾರ ತಂಗಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

"ಅಕ್ಕಾ, ನಿನ್ನ ಕನ್ನಡಕ ಪಾತ್ರೆ ಅಂಗಡೀಲಿ ಕಂಡ್ರು. ಜೊತೆಗೆ ಯಾರೋ ಒಬ್ರು ಹೆಂಗಸು. ಇಷ್ಟೆತ್ತರದ ಅಕ್ಕಿ ಡ್ರಮ್ಮು ತಗೊಂಡ್ರು ಕಣೇ! ಇಬ್ರೂ ನಗ್ತಾ ನಗ್ತಾ..."

"ತಗೊಳ್ಲಿ ಬಿಡು. ಹೊಸ ಸಂಸಾರ ಅಂದ್ಮೇಲೆ ಡ್ರಮ್ಮು ಬೇಡ್ವಾ?"

ಅಷ್ಟು ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಳುತ್ತಲೇ, ನೀರು ಪೋಲಾಗುತ್ತದೆ ಅಂತ ನಲ್ಲಿ ಸಣ್ಣಗೆ ಮಾಡಿದಳು. ಪಾಪ, ಹಣಕಾಸು ಮಂತ್ರಿ!

ಮುಂದಿನ ಪಾಲಿಗೆ ಮಹಡಿ ಮೇಲಿನ ಮನೆಯ ಟೀಚರ್ ಒಪ್ಪಿದರು. ಸೊಪ್ಪು ತರಕಾರಿಯನ್ನೂ ಈ ವಾರದಿಂದಲೇ ಸೇರಿಸಿ ತರಿಸೋಣ ಅಂದರು. ಖರ್ಚು ಇನ್ನೂ ಇಳಿಯಿತು. ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಉಳಿಯಿತು. ಆದರೆ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸುವವರಿಗೆ ಕ್ಲೀನಿಂಗಿನ ಸಮಯ, ಕ್ಲೀನಿಂಗಿನವರಿಗೆ ಕೀಳಿಸುವ ಸಮಯ ಕೊಟ್ಟು ಡಾಕ್ಟರಿಂದ ಬೈಸಿಕೊಂಡಳು.

"ಏನಮ್ಮಾ," ಅಪ್ಪ ಮೆಲ್ಲಗೆ ಕೇಳಿದರು, "ಬಿಲ್ಲು ಇಳೀತು, ಅದರ ಜೊತೆ ನಿನ್ನ ಮುಖಾನೂ ಇಳಿದುಹೋಯ್ತಲ್ಲ. ನಂಗೆ ಬಿಸ್ಕೆಟ್ ಬೇಡಮ್ಮ, ನೀನು ಒಂಚೂರು ನಗು."

ಅವಳು ನಗಲು ಹೋಗಿ ಅಪ್ಪನ ಭುಜಕ್ಕೆ ಒರಗಿಬಿಟ್ಟಳು.

* * *

ಮತ್ತೆ ಮೊದಲ ಭಾನುವಾರ ಬಂತು. ಟೀಚರಿಗೆ ಶೀತ, ಅವಳು ಒಬ್ಬಳೇ ಬಂದಳು.

'ಅವನು ಇರದೆ ಇರ್ಲಿ...' ಅಂದುಕೊಳ್ಳುತ್ತಾ ಅಂಗಡಿಯ ಉದ್ದಕ್ಕೂ ಕಣ್ಣಾಡಿಸಿದಳು.

ಇದ್ದ. ಬಿಲ್ಲಿಂಗ್ ಸಾಲಿನಲ್ಲಿ ನಿಂತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಮುಖ ತಿರುಗಿಸಿಕೊಂಡು ಹೋಗಿಬಿಡಬೇಕು ಅನ್ನುವಷ್ಟರಲ್ಲಿ ಅವಳ ಕಣ್ಣು ಅವನ ಬುಟ್ಟಿಯ ಮೇಲೆ ಬಿತ್ತು.

ಒಂದು ಕೆಜಿ ಅಕ್ಕಿಯ ಪ್ಯಾಕೆಟ್ಟು. ಅರ್ಧ ಕೆಜಿ ಬೇಳೆ. ಅದೂ ಕಣ್ಣಿನ ಮಟ್ಟದ ಶೆಲ್ಫಿನದ್ದು!

ಕೋಪ, ದುಃಖ, ಅಭಿಮಾನ ಎಲ್ಲ ಮರೆತುಹೋಯಿತು. ಸೀದಾ ಹೋಗಿ ಮುಂದೆ ನಿಂತಳು.

"ಬುದ್ಧಿ ಇದೆಯೇನ್ರೀ ನಿಮಗೆ? ಒಂದೊಂದು ಕೆಜಿ ತಗೊಂಡ್ರೆ ಎಷ್ಟು ದುಬಾರಿ!"

ಅವನು ಬೆಚ್ಚಿಬಿದ್ದ. ಅವಳನ್ನು ಕಂಡವನೇ ಕಣ್ಣು ಕೆಳಗೆ ಮಾಡಿದ. "ಅರ್ಧ ಪಾಲಿಗೆ ಯಾರೂ ಇಲ್ವಲ್ಲ..."

"ಇಡೀ ಮೂಟೆ ಬೇಕು ಅಂದ್ರಲ್ಲ? ಡ್ರಮ್ಮು ಬೇರೆ ತಗೊಂಡ್ರಲ್ಲ! ಎಲ್ಲಿ ನಿಮ್ಮ... ನಿಮ್ಮ..." ಆ ಪದ ನಾಲಿಗೆಗೆ ಬರಲೇ ಇಲ್ಲ.

"ನನ್ನ?"

"ನಿಮ್ಮ ಹುಡುಗಿ! ಪಾತ್ರೆ ಅಂಗಡೀಲಿ ಜೊತೆಗಿದ್ರಲ್ಲ!"

"ಅಯ್ಯೋ... ಅದು ನಮ್ಮಕ್ಕ ಕಣ್ರೀ!" ಅವನು ಕಣ್ಣರಳಿಸಿದ. "ಇಬ್ರು ಮಕ್ಕಳ ತಾಯಿ! ಅಮ್ಮನ ಔಷಧಿ ತರೋಕೆ ಬಂದಿದ್ಲು. ನೀವು ಆಗಲ್ಲ ಅಂದ್ರಿ ಅಂತ ನಾನು ಹೇಳಿದ್ರೂ ಅವಳು ಕೇಳ್ಲಿಲ್ಲ. ಹೆದರಬೇಡ, ಒಪ್ಕೋತಾರೆ ಅಂತ ನಗಿಸಿ, ಡ್ರಮ್ಮು ಕೊಡಿಸಿ ಹೋದ್ಲು."

"ಆಗಲ್ಲ ಅಂದ್ನಾ? ಏನಕ್ಕೆ ಆಗಲ್ಲ ಅಂದೆ ನಾನು?"

"ಪಾಲು ಬೇಡ, ಒಂದೇ ಮನೆಗೆ ಹೋಗ್ಲಿ ಅಂತ ಕೇಳಿದ್ನಲ್ಲ... ನೀವು, ಬೇರೆ ಯಾರಾದ್ರೂ ಸಿಕ್ತಾರೆ ಅಂದ್ರಿ."

ಆ ಮಾತು ಪದಪದವಾಗಿ ಬಿಡಿಸಿಕೊಂಡು ಅವಳ ತಲೆಗೆ ಹೋಯಿತು. ಒಂದೇ ಮನೆ... ಅಂದರೆ...

"ದೇವರೇ!" ಅವಳು ಹಣೆ ಹಣೆ ಚಚ್ಚಿಕೊಂಡಳು. "ಮದುವೆ ಆಗ್ತೀಯಾ ಅಂತ ಕೇಳೋ ರೀತೀನಾ ಅದು? ಅಕ್ಕಿ ಭಾಷೇಲಿ ಕೇಳಿದ್ರೆ ಯಾರಿಗ್ರೀ ಅರ್ಥ ಆಗುತ್ತೆ?"

"ನಿಮಗೆ ಆಗುತ್ತೆ ಅನ್ಕೊಂಡೆ..."

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಹಳೆಯ ಭಯವೂ ಬಂತು. ದನಿ ಇಳಿಯಿತು.

"ಆಗಲ್ಲ ಕಣ್ರೀ. ನಾನು ನಿಮ್ಮನೆಗೆ ಬಂದ್ರೆ ಅಪ್ಪ? ತಂಗಿ ಓದು? ಅವರನ್ನ ಬಿಟ್ಟು..."

"ಬಿಡೋಕೆ ಯಾರು ಹೇಳಿದ್ರು?" ಅವನು ಬುಟ್ಟಿ ಕೆಳಗಿಟ್ಟ. "ಇಡೀ ಮೂಟೆ ಅಂದಿದ್ದು ಮತ್ಯಾಕೆ? ನೀವೊಬ್ರೇ ಬಂದ್ರೆ ನಮ್ಮನೇಲಿ ಮೂರೇ ಜನ, ಅಷ್ಟಕ್ಕೆ ಇಡೀ ಮೂಟೆ ಯಾರ್ರೀ ತರ್ತಾರೆ? ಲೆಕ್ಕ ಹಾಕಿ. ನಮ್ಮಮ್ಮ, ನಿಮ್ಮಪ್ಪ, ನಿಮ್ಮ ತಂಗಿ, ನೀವು, ನಾನು. ನಮ್ಮನೆ ಮೇಲಿನ ಎರಡು ರೂಮು ಖಾಲಿ ಬಿದ್ದಿವೆ. ಅಮ್ಮ ಆಗ್ಲೇ ಕಿಟಕಿ ಒರೆಸಿ ಕೂತಿದಾರೆ. ನಿಮ್ಮಪ್ಪ ಅಲ್ಲಿಗೆ ಬರೋಕೆ ಒಪ್ಪದಿದ್ರೆ ನಾವೇ ನಿಮ್ಮ ಬೀದೀಲಿ ಮನೆ ನೋಡೋಣ. ನಿಮ್ಮ ತಂಗಿ ಫೀಸು ನಾನು ಕೊಡ್ತೀನಿ ಅಂದ್ರೆ ನೀವು ನನ್ನ ಕೊಂದೇ ಹಾಕ್ತೀರ, ಗೊತ್ತು. ನಿಮ್ಮ ಸಂಬಳ, ನಿಮ್ಮಿಷ್ಟ. ಆದ್ರೆ ಇಷ್ಟೂ ಭಾರ ನೀವೊಬ್ರೇ ಹೊರೋದು ಬೇಡ. ಅಷ್ಟೇ ನಾನು ಕೇಳೋದು."

ಎಷ್ಟು ವರ್ಷಗಳ ಭಾರವೋ ಏನೋ... ಒಂದೇ ಉಸಿರಿಗೆ ಹೊರಗೆ ಬಂತು. ಅವಳ ಕಣ್ಣು ತುಂಬಿಬಂತು. ಈ ಸಲ ಅಳಲು ಬಚ್ಚಲು ಹುಡುಕಬೇಕು ಅನ್ನಿಸಲಿಲ್ಲ.

"ಈಗ ಸರಿಯಾಗಿ ಕೇಳಿ," ಅಂದಳು ಮೂಗು ಒರೆಸಿಕೊಳ್ಳುತ್ತಾ.

"ನನ್ನ... ಮದುವೆ ಆಗ್ತೀರಾ?"

"ಬೇಗ ಹೂಂ ಅನ್ನಮ್ಮಾ ತಾಯಿ!" ಬಿಲ್ಲಿಂಗ್ ಆಂಟಿ ಕೂಗಿದರು. "ಹಿಂದೆ ಇಷ್ಟುದ್ದ ಲೈನಿದೆ!"

"ಹೂಂ!" ಅಂದಳು ಅವಳು. ಇಡೀ ಸಾಲೇ ನಕ್ಕಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅವಳಿಗೆ ನಾಚಿಕೆಯೂ ಆಗಲಿಲ್ಲ. ಉಸ್ಸಪ್ಪಾ, ಎಂಥಾ ಹಗುರ!

ಪ್ಯಾಕೆಟ್ಟುಗಳು ಶೆಲ್ಫಿಗೆ ವಾಪಸ್ಸು ಹೋದವು. ಮೂಟೆ ಅವನ ಸ್ಕೂಟರಿನ ಮುಂದೆ ಕೂತಿತು. ಅವನು ಸೀಟು ಒರೆಸಿ, "ಹತ್ತಿ, ಸೀದಾ ನಿಮ್ಮನೆಗೇ ಹೋಗೋಣ. ಇವತ್ತೇ ಅಪ್ಪನ್ನ ಕೇಳ್ಬಿಡ್ತೀನಿ," ಅಂದ.

ಅವಳು ಹತ್ತಲಿಲ್ಲ. ಸ್ಕೂಟರಿನ ಹ್ಯಾಂಡಲ್ಲಿನ ಮೇಲೆ, ಅವನ ಕೈಯ ಪಕ್ಕ ತನ್ನ ಕೈ ಇಟ್ಟಳು.

"ತಳ್ಕೊಂಡೇ ಹೋಗೋಣ."

"ಇಷ್ಟು ದೂರಾನಾ? ಪೆಟ್ರೋಲ್ ಉಳಿಸೋಕಾ?" ಅವನು ನಕ್ಕ.

"ಅಲ್ಲ ಕಣ್ರೀ," ಅಂದಳು ಅವಳು ಮೆಲ್ಲಗೆ. "ಗಾಡೀಲಿ ಹೋದ್ರೆ... ಮನೆ ಬೇಗ ಬಂದ್ಬಿಡುತ್ತೆ."