ಇನ್ನೂ ಸುಡದ ಬಣ್ಣ

"ಅಕ್ಕಾ... ಚರ್ಚಿನ ಹೊಸ ಕಿಟಕಿಗೆ ಮಾಡ್ತಿರೋ ಗಾಜಲ್ಲಿ ದೇವದೂತೆಗೆ ನಿನ್ನ ಕೈ ಬರೆದಿದ್ದಾರೆ ಕಣೇ! ಸುಟ್ಟ ಕಲೆ ಸಮೇತ!"

ಬೇಕರಿಯ ಬಾಗಿಲಲ್ಲೇ ತಂಗಿ ಏದುಸಿರು ಬಿಡುತ್ತಾ ಕೂಗಿದಳು. ಬ್ರೆಡ್ ಕತ್ತರಿಸುತ್ತಿದ್ದ ಅಕ್ಕನ ಚಾಕು ನಿಂತೇಹೋಯಿತು.

"ಯಾರೇ ಬರೆದಿದ್ದು?"

"ಇನ್ಯಾರು? ನಿನ್ನ ಬನ್ ರಾಯ!"

ದಿನಾ ಬಂದು, ಒಂದೇ ಒಂದು ಬನ್ ಕೊಂಡು, ತುಟಿ ಬಿಚ್ಚದೆ ಹೋಗುವ ಗಾಜಿನ ಕೆಲಸದವನಿಗೆ ಅಕ್ಕತಂಗಿಯರು ಇಟ್ಟ ಹೆಸರದು.

ಬನ್ ಇರುವುದು ಮೇಲಿನ ಕಪಾಟಿನಲ್ಲಿ. ಕೈ ಚಾಚಿದರೆ ಅಂಗಿಯ ತೋಳು ಜಾರಿ ಕಲೆ ಕಾಣುತ್ತದೆ...

'ಛೆ! ಅವನು ನೋಡ್ತಿದ್ದದ್ದು ನನ್ನನ್ನಲ್ಲ, ಈ ಕಲೇನ! ನಾನೋ, ಏನೇನೋ ಕನಸು ಕಂಡೆ...'

ಏಪ್ರನ್ ಕೂಡ ಬಿಚ್ಚದೆ ಚರ್ಚಿನ ಹಿಂದೆ ಅವನು ಕೆಲಸ ಮಾಡುವ ಕೋಣೆಗೆ ನುಗ್ಗಿದಳು.

ಮೇಜಿನ ಮೇಲೆ ನೀಲಿ ರೆಕ್ಕೆ, ಕೆಂಪು ನಿಲುವಂಗಿಯ ಗಾಜಿನ ತುಂಡುಗಳು. ನಡುವೆ ಚಾಚಿದ ಕೈ. ಮಣಿಕಟ್ಟಿನಿಂದ ಮೊಣಕೈವರೆಗೂ ಅದೇ ಕಲೆ!

"ನಾಚಿಕೆ ಆಗಲ್ವಾ ನಿಮಗೆ? ಸೆಖೇಲೂ ಉದ್ದ ತೋಳು ಹಾಕಿ ಮುಚ್ಚಿಟ್ಟಿದ್ದನ್ನ ಊರಿಗೆಲ್ಲ ತೋರಿಸ್ತೀರಾ?"

ಅವನ ಮುಖ ಸಪ್ಪಗಾಯಿತು.

"ಹೋದ ವರ್ಷ ಕಾದ ಟ್ರೇ ಜಾರಿದಾಗ, ಕೈ ಅಡ್ಡ ಹಿಡಿದು ಒಬ್ಬರನ್ನ ಕಾಪಾಡಿದ್ರಲ್ಲ..."

"ಅದಕ್ಕೇನೀಗ?"

"ಅವರು ನಮ್ಮಮ್ಮ."

ಅವಳು ಮೇಜಿನ ಮೇಲಿನ ಗಾಜಿನ ಕೈಯನ್ನು ಮತ್ತೊಮ್ಮೆ ನೋಡಿದಳು.

"ಥ್ಯಾಂಕ್ಸ್ ಹೇಳೋಕೆ ಬಂದಿದ್ದೆ. ನಿಮ್ಮ ಮುಖ ನೋಡಿ ಮಾತೇ ಮರೆತು, 'ಒಂದು ಬನ್' ಅಂದ್ಬಿಟ್ಟೆ. ಆಮೇಲೆ ದಿನಾ ಅದೇ ಕಥೆ... ನಿಜ ಹೇಳ್ಲಾ? ನಂಗೆ ಬನ್ ಸೇರೋದೇ ಇಲ್ಲ. ನಿಮ್ಮನ್ನ ನೋಡೋಕೇ ಬರ್ತಿದ್ದೆ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ಕೇಳದೆ ಬರೆದಿದ್ದು ತಪ್ಪೇ," ಎಂದು ಅವನು ಆ ಗಾಜನ್ನು ಅವಳತ್ತ ಸರಿಸಿದ. "ಬಣ್ಣ ಇನ್ನೂ ಸುಟ್ಟಿಲ್ಲ. ಕುಲುಮೆಗೆ ಹೋಗೋವರೆಗೂ ಬೆರಳಲ್ಲಿ ಒರೆಸಿದ್ರೆ ಹೋಗುತ್ತೆ. ಆಮೇಲೆ ಯಾವತ್ತೂ ಹೋಗಲ್ಲ. ಬೇಡ ಅಂದ್ರೆ... ಒರೆಸಿಬಿಡಿ."

ಅವಳು ಗಾಜನ್ನು ಬೆಳಕಿಗೆ ಹಿಡಿದಳು. ಕಲೆಯ ಸುತ್ತ ಕೈಯೆಲ್ಲ ಬೆಳಗಿತು. ಕನ್ನಡಿಯಲ್ಲಿ ನೋಡಲೂ ಹೆದರುತ್ತಿದ್ದ ಕಲೆ!

'ಇದು ಒಬ್ಬ ಅಮ್ಮ ಉಳಿದ ಗುರುತು... ಇಷ್ಟು ದಿನ ನಂಗ್ಯಾಕೆ ಕಾಣಲಿಲ್ಲ?'

ಮೆಲ್ಲಗೆ ಅಂಗಿಯ ತೋಳು ಮಡಚಿ, ತನ್ನ ಕೈಯನ್ನು ಗಾಜಿನ ಪಕ್ಕ ಇಟ್ಟಳು.

"ಇಲ್ಲಿ ನೋಡಿ, ಕೊನೇಲಿ ಸ್ವಲ್ಪ ಬಾಗಿದೆ. ಸರಿಯಾಗಿ ಬರೀರಿ."

ಅವನು ಕುಂಚವನ್ನು ಬಣ್ಣದಲ್ಲಿ ಅದ್ದಿದ.

"ಥ್ಯಾಂಕ್ಸ್ ರೀ..."

"ಅಬ್ಬಾ, ಒಂದು ವರ್ಷ ಆದ್ಮೇಲೆ ಬಾಯಿಗೆ ಬಂತು! ನಾನೂ ಹೇಳ್ಬೇಕು... ಥ್ಯಾಂಕ್ಸ್. ಇದನ್ನ ಸುಡೋದು ಯಾವಾಗ?"

"ನಾಳೆ ಬೆಳಿಗ್ಗೆ. ಅಮ್ಮನೂ ಬರ್ತಾರೆ. ನೀವು ಯಾರು ಅಂತ ಹೇಳ್ಲಿ? ಬೇಕರಿಯವರು ಅಂತಾನಾ?"

ಅವಳು ಬಾಗಿಲಲ್ಲಿ ನಿಂತು ತಿರುಗಿದಳು.

"ನಿಮ್ಮವಳು ಅಂತ ಹೇಳಿ. ಒಂಬತ್ತಕ್ಕೆ ಬರ್ತೀನಿ... ಬನ್ ಮಾತ್ರ ತರಲ್ಲ!"